ಗಾಲಿ ಮೊದಲು ಗೆರೆ ಮುಟ್ಟಿದ ಓಟ

ಈ ಓಟದ ಸಂಗತಿಯನ್ನು ನಾನು ಬಹಳ ಸಲ, ಬಹಳ ಜನರಿಗೆ ಹೇಳಿದ್ದೇನೆ. ಅದಕ್ಕಾಗಿಯೇ ಈಗ ಅದರ ಬಗ್ಗೆ ನನಗೆ ಅನುಮಾನ. ಒಂದು ಸಂಗತಿಯನ್ನು ಇಪ್ಪತ್ತು ಸಲ ಹೇಳಿದ ಮೇಲೆ ನೆನಪಿನಲ್ಲಿ ಉಳಿಯುವುದು ಹತ್ತೊಂಬತ್ತನೆಯ ಸಲ ಹೇಳಿದ್ದು, ನಡೆದದ್ದಲ್ಲ. ಬೆಳಗಿನ ಹೊತ್ತು ಮಂಜು ಬಿದ್ದಿತ್ತೆಂದು ನಾನು ಹೇಳುತ್ತೇನೆ. ಹೆಂಡತಿಯ ಪ್ರಕಾರ ಅದು ಬೇಸಿಗೆ ಸುರುವಾದ ಹೊತ್ತು, ಮಗಳ ಕುತ್ತಿಗೆಯ ಸುತ್ತ ಬೆವರುಸಾಲೆ ಎದ್ದಿತ್ತು. ಮಂಜನ್ನು ಯಾರು ಬೇಕಾದರೂ ಕತೆಗೆ ಸೇರಿಸಬಹುದು. ಬೆವರುಸಾಲೆಯನ್ನು ಸುಮ್ಮಸುಮ್ಮನೆ ಯಾರೂ ಸೇರಿಸುವುದಿಲ್ಲ. ಆದ್ದರಿಂದ ಮಂಜನ್ನು ಬಿಟ್ಟುಕೊಡುತ್ತೇನೆ.

ಮಗಳಿಗೆ ಒಂಬತ್ತು ತಿಂಗಳು ಎನ್ನುವುದರಲ್ಲಿ ಇಬ್ಬರಿಗೂ ತಕರಾರಿಲ್ಲ. ಅಂದರೆ ಎಪ್ಪತ್ತರ ದಶಕದ ನಡುಭಾಗ. ನಾನು ಇಚಲಕರಂಜಿಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ನನ್ನ ಊರು ದತ್ತವಾಡ, ಮನೆಯಲ್ಲಿ ಕಬ್ಬಿನ ಒಕ್ಕಲುತನ. ಹೆಂಡತಿ ಗಡಹಿಂಗ್ಲಜದ ಬೆಲ್ಲದ ವ್ಯಾಪಾರಿಗಳ ಮಗಳು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಯಾವ ಮಾತು ಎಲ್ಲಿ ಬದಲಾಗುತ್ತದೆ ಎಂದು ನಾವು ಯಾರೂ ಲಕ್ಷ್ಯವಿಟ್ಟು ನೋಡಿದವರಲ್ಲ.

ನಾವು ಬಾಡಿಗೆಗಿದ್ದ ಎರಡು ಖೋಲಿಗಳ ಕೆಳಗೆ ಎಂಟು ಮಗ್ಗಗಳ ಒಂದು ಕಾರಖಾನೆ ಇತ್ತು. ಮಗಳು ಹುಟ್ಟಿದಂದಿನಿಂದ ಆ ಖಟಾಖಟ್ ಸದ್ದಿನಲ್ಲೇ ಮಲಗಿದವಳು. ಬೇರೆ ಮಕ್ಕಳು ಸದ್ದಾದರೆ ಏಳುತ್ತವೆ. ಇವಳು ಸದ್ದು ನಿಂತರೆ ಏಳುತ್ತಿದ್ದಳು. ಕರೆಂಟು ಹೋಗಿ ಮಗ್ಗಗಳು ಗಪ್ಪಾದವೆಂದರೆ ಅರ್ಧ ನಿಮಿಷದಲ್ಲಿ ಕಣ್ಣು ಬಿಟ್ಟು, ಒಂದು ನಿಮಿಷದಲ್ಲಿ ಅಳು. ರಜೆಯ ದಿನವಂತೂ ಹೇಳುವುದೇ ಬೇಡ.

ಕೆಳಗಿನ ಕಾರಖಾನೆಯ ಮಗ್ಗಗಳನ್ನು ರಿಪೇರಿ ಮಾಡುವವನು ಒಬ್ಬನಿದ್ದ. ಆ ಊರಿನಲ್ಲಿ ಅಂಥವರನ್ನು ಜಾಬರ್ ಎನ್ನುತ್ತಾರೆ. ಅವನು ಒಂದು ರಜೆಯ ದಿನ ಮಗಳ ಅಳು ಕೇಳಿ ಮೇಲೆ ಬಂದ.

"ಸರ, ಕೂಸಿಗೆ ಜೋಗುಳ ಬ್ಯಾಡಾಗೇತಿ. ಖಡಖಡಾಟ ಬೇಕಾಗೇತಿ. ಒಂದ್ ಎಂಟ ದಿನ ಕೊಡ್ರಿ, ಮಾಡಿ ಕೊಡತೇನಿ."

ಅವನು ಮಾಡಿಕೊಟ್ಟದ್ದು ಒಂದು ಗಾಡಿ. ಮಗ್ಗಕ್ಕೆ ಹಾಕುವ ನೂಲಿನ ಕಾಂಡಿಗಳನ್ನು ತುಂಬಿಡುವ ಬೆತ್ತದ ಬುಟ್ಟಿ, ಅದರ ಕೆಳಗೆ ಕಬ್ಬಿಣದ ಚೌಕಟ್ಟು, ಮುಂದೆ ಒಂದು ಹಿಂದೆ ಎರಡು ಸಣ್ಣ ಸೈಕಲ್ಲಿನ ಗಾಲಿಗಳು, ನೂಕಲಿಕ್ಕೆ ನನ್ನ ಹೊಟ್ಟೆಯ ಎತ್ತರಕ್ಕೆ ಒಂದು ಅಡ್ಡಪಟ್ಟಿ. ಬುಟ್ಟಿಯ ಕೆಳಗೆ ಒಂದು ಸಡಿಲು ಬೋಲ್ಟನ್ನು ಅವನು ಬೇಕೆಂದೇ ಬಿಟ್ಟಿದ್ದ. ಗಾಡಿ ಓಡಿದರೆ ಅದು ಖಡಖಡ ಅನ್ನುತ್ತಿತ್ತು. ಮೆಲ್ಲಗೆ ನೂಕಿದರೆ ಸದ್ದಿಲ್ಲ, ಮಗಳು ಅಳುತ್ತಿದ್ದಳು. ಜೋರಾಗಿ ನೂಕಿದರೆ ಸದ್ದು, ಮಗಳಿಗೆ ನಿದ್ದೆ. ಹೀಗಾಗಿ ನಾನು ಓಡತೊಡಗಿದೆ.

ಓಡುವುದು ನನಗೆ ಹೊಸದಲ್ಲ. ಕೊಲ್ಲಾಪುರದಲ್ಲಿ ಎಂ.ಎ. ಓದುವಾಗ ಓಟಗಳಲ್ಲಿ ಭಾಗವಹಿಸುತ್ತಿದ್ದೆ. ಎರಡನೆಯವನಾಗಿ ಬಂದದ್ದುಂಟು, ಮೂರನೆಯವನಾಗಿ ಬಂದದ್ದುಂಟು, ಮೊದಲನೆಯವನಾಗಿ ಎಂದೂ ಬಂದಿರಲಿಲ್ಲ. ಈ ಮಾತನ್ನು ಹೆಂಡತಿಗೆ ಮದುವೆಯಾದ ಹೊಸದರಲ್ಲೇ ಹೇಳಿದ್ದೆ. ಆಮೇಲೆಯೂ ಹೇಳಿದ್ದೆನೆಂದು ಅವಳು ಹೇಳುತ್ತಾಳೆ.

ಆ ಕಾಲದಲ್ಲಿ ಗಂಡಸು ಕೂಸನ್ನು ಎತ್ತಿಕೊಂಡು ರಸ್ತೆಗೆ ಬಂದರೇ ಜನ ತಿರುಗಿ ನೋಡುತ್ತಿದ್ದರು. ನಾನು ಗಾಡಿಯಲ್ಲಿ ಹಾಕಿ ಬೆಳಗಾಗುತ್ತಲೇ ಕೊರೋಚಿ ರಸ್ತೆಯಲ್ಲಿ ಓಡಿಸುತ್ತಿದ್ದೆ. ಚಹಾದಂಗಡಿಯ ಮುಂದಿನಿಂದ ಒಬ್ಬ ಕೂಗುತ್ತಿದ್ದ, "ಸರ, ಹಾಲ ಹೆಂಗ್ ಲೀಟರ್?" ಒಬ್ಬ ಮುದುಕಿಯಂತೂ ರಸ್ತೆಗೇ ಅಡ್ಡ ನಿಂತು ಕೇಳಿದ್ದಳು, "ತಮ್ಮಾ, ಈ ಕೂಸಿನ ಅವ್ವ ಅದಾಳೋ ಇಲ್ಲೋ?" ಇದ್ದಾಳೆ ಎಂದೆ. "ಇದ್ದರ ಮತ್ತ ಹಿಂಗ್ಯಾಕ?" ಎಂದಳು. ನಾನು ಗಾಡಿಯನ್ನು ಬದಿಗೆ ತಿರುಗಿಸಿ ಮುಂದೆ ಓಡಿದೆ.

ಆ ರಸ್ತೆಯಲ್ಲೇ ಸುಳಕೂಡದವನ ಪರಿಚಯವಾದದ್ದು. ದೂಧಗಂಗಾ ದಂಡೆಯ ಸುಳಕೂಡದ ಕುರಿ ಸಾಕುವವರ ಮನೆಯವನು, ಇಚಲಕರಂಜಿಯ ಒಂದು ಗೋದಾಮಿನಲ್ಲಿ ನೂಲಿನ ಗಂಟು ಹೊರುತ್ತಿದ್ದ. ವಯಸ್ಸು ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಬರಿಗಾಲಿನಲ್ಲಿ ಓಡುತ್ತಿದ್ದ. ನನ್ನನ್ನು ದಾಟಿ ಮುಂದೆ ಹೋಗಿ, ತಿರುಗಿ ಬಂದು, ಗಾಡಿಯ ಪಕ್ಕದಲ್ಲಿ ಸ್ವಲ್ಪ ದೂರ ಓಡಿ ಮತ್ತೆ ಮುಂದೆ ಹೋಗುತ್ತಿದ್ದ. ಕುರಿಯ ಹಿಂಡಿನ ಹಿಂದೆ ಓಡುವವರಿಗೆ ಹೀಗೆ ಹಿಂದೆ ಮುಂದೆ ಓಡುವ ರೂಢಿ ಇರಬೇಕು.

ಒಂದು ದಿನ ಕೇಳಿದ, "ಸರ, ನಿಮಗ ನೌಕರಿ ಐತಿ. ನೀವ್ಯಾಕ ಓಡ್ತೀರಿ?"

"ಕೂಸು ಮಲಗಲಿ ಅಂತ."

"ನಂದ ಹಂಗಲ್ರಿ. ಪೊಲೀಸ ಭರತಿಗೆ ಓಡಾಕತ್ತೇನಿ. ಇದ ಕಡೀ ವರ್ಷ. ಮುಂದ ವಯಸ್ಸ ಮೀರತೈತಿ."

"ಭರ್ತಿ ಆಗದಿದ್ದರೆ?"

"ಮತ್ತೇನ್ರಿ, ಗಂಟ ಹೊರೂದ. ಊರಿಗೆ ಹೋಗೂನಂದ್ರ ಕುರಿ ಕಾಯಾಕ ಇಬ್ರು ತಮ್ಮಗೋಳು ಅದಾರ. ಇರೂ ಕುರಿಗೆ ಅವರ ಹೆಚ್ಚಾಗ್ಯಾರ."

ಅವನ ಲೆಕ್ಕ ಹೀಗಿತ್ತು. ಇಚಲಕರಂಜಿಯ ನಮ್ಮ ಪೇಟೆಯ ತಾಲೀಮಿನವರು, ಅಂದರೆ ಕುಸ್ತಿಯ ಗರಡಿಯವರು, ಒಂದು ಓಟದ ಶರ್ಯತ್ತು ಇಟ್ಟಿದ್ದರು. ಅದರಲ್ಲಿ ಗೆದ್ದ ಒಬ್ಬನನ್ನು ಮಾತ್ರ ಕೊಲ್ಲಾಪುರದ ದೊಡ್ಡ ಓಟಕ್ಕೆ ಕಳಿಸುವವರಿದ್ದರು. ಕೊಲ್ಲಾಪುರದಲ್ಲಿ ಮೊದಲ ಹತ್ತರೊಳಗೆ ಬಂದವನಿಗೆ ಒಂದು ಸರ್ಟಿಫಿಕೇಟು ಸಿಗುತ್ತಿತ್ತು. ಅದನ್ನು ತೋರಿಸಿದರೆ ಭರ್ತಿಯಲ್ಲಿ ಅನುಕೂಲವಾಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನಿಜವಾಗಿ ಆಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅವನು ನಂಬಿದ್ದ. ಇದನ್ನೆಲ್ಲ ಅವನು ಓಟಕ್ಕೆ ಮುಂಚೆಯೇ ನನಗೆ ಹೇಳಿದ್ದ ಎನ್ನುವುದು ಇಲ್ಲಿ ಮುಖ್ಯ. ಅದು ಆಮೇಲೆ ತಿಳಿಯಿತು ಎಂದು ನಾನು ಕೆಲವರ ಮುಂದೆ ಹೇಳಿದ್ದುಂಟು. ಅದು ಸುಳ್ಳು.

ಅಷ್ಟು ಗೊತ್ತಿದ್ದೂ ನಾನೂ ಹೆಸರು ಕೊಟ್ಟೆ. ಅವನು ಹೇಗೂ ಗೆಲ್ಲುತ್ತಾನೆ, ನಾನು ಎರಡನೆಯವನಾಗಿ ಬಂದರೆ ಸಾಕು ಎಂದುಕೊಂಡಿದ್ದೆ. ಹಾಗೆ ಅಂದುಕೊಂಡಿದ್ದೆ ಎಂದು ಈಗ ಅಂದುಕೊಳ್ಳುತ್ತಿದ್ದೇನೆ.

ಓಟ ಭಾನುವಾರ. ಹೆಂಡತಿ ಹೊರಗಿನಿಂದ ಎಂ.ಎ. ಪರೀಕ್ಷೆಗೆ ಕಟ್ಟಿದ್ದಳು. ಅಂಥವರಿಗಾಗಿ ಕೊಲ್ಲಾಪುರದಲ್ಲಿ ಭಾನುವಾರ ತರಗತಿ ನಡೆಯುತ್ತಿತ್ತು. ಅವಳು ಮೊದಲ ಎಸ್.ಟಿ. ಬಸ್ಸು ಹಿಡಿದು ಹೋದರೆ ಮಧ್ಯಾಹ್ನ ಮೂರಕ್ಕೆ ಬರುತ್ತಿದ್ದಳು. ಅಂಥ ದಿನ ಕೂಸನ್ನು ನೋಡಿಕೊಳ್ಳಲು ಗಡಹಿಂಗ್ಲಜದಿಂದ ಅತ್ತೆ ಬರುವ ರೂಢಿ. ಆ ವಾರ ಅವರ ಮನೆಯಲ್ಲಿ ಯಾರಿಗೋ ಜ್ವರ ಬಂದು ಅವರು ಬರಲಿಲ್ಲ. "ನಾನು ನೋಡಿಕೊಳ್ಳುತ್ತೇನೆ, ನೀನು ಹೋಗು" ಎಂದೆ. ಓಟದ ಮಾತು ಎತ್ತಲಿಲ್ಲ. ಎತ್ತಿದ್ದರೆ ಅವಳು ಹೋಗುತ್ತಿರಲಿಲ್ಲ.

ತಾಲೀಮಿನ ಮುಂದೆ ಸುಮಾರು ಮೂವತ್ತು ಜನ ಸೇರಿದ್ದರು. ನಾನು ಗಾಡಿಯೊಂದಿಗೆ ಬಂದುದನ್ನು ನೋಡಿ ಮೊದಲು ನಗೆ, ಆಮೇಲೆ ವಾದ. ಶರ್ಯತ್ತಿನ ಪಂಚರು ಮೂವರು ಹಿರಿಯರು. ಅವರಲ್ಲಿ ಒಬ್ಬರು ತಾಲೀಮಿನ ವಸ್ತಾದರು, ಅಂದರೆ ಕುಸ್ತಿ ಕಲಿಸುವವರು. ಮೂವರೂ ಊರೂರು ತಿರುಗಿ ಎತ್ತಿನ ಗಾಡಿಯ ಶರ್ಯತ್ತುಗಳಲ್ಲಿ ನಿಶಾನಿ ಬೀಸಿದವರು. ಮನುಷ್ಯರ ಓಟವನ್ನು ಅವರು ನಡೆಸುತ್ತಿದ್ದುದು ಅದೇ ಮೊದಲೋ ಎರಡನೆಯ ಸಲವೋ.

"ಗಾಡೀ ತಗೊಂಡ ಓಡೂದು ನಡೆಯಂಗಿಲ್ಲ" ಎಂದರು ಒಬ್ಬರು.

"ಯಾಕ ನಡೆಯಂಗಿಲ್ಲ? ಭಾರ ಅವರಿಗೆ ಆಗೂದು, ನಿಮಗೇನ್ ಆಗೂದು?" ಎಂದರು ಇನ್ನೊಬ್ಬರು.

"ಕೂಸ್ನ ಇಲ್ಲೆ ಬಿಟ್ಟ ಹೋಗ್ರಿ ಸರ, ನಾವ್ ನೋಡ್ಕೋತೀವಿ."

ನಾನು ಬುಟ್ಟಿಯ ಕಡೆ ನೋಡಿದೆ, ಲಂಗೋಟಿ ಕಟ್ಟಿ ಮೈಗೆ ಕೆಂಪು ಮಣ್ಣು ಬಳಿದುಕೊಂಡು ನಿಂತಿದ್ದ ಹತ್ತು ಪೈಲ್ವಾನರ ಕಡೆ ನೋಡಿದೆ. ಬೇಡ ಎಂದೆ.

ಕೊನೆಗೆ ವಸ್ತಾದರು ತೀರ್ಪು ಕೊಟ್ಟರು. "ಗಾಡಿ ತಂದಾರ, ಓಡ್ಲಿ. ಆದ್ರ ಗಾಡಿ ಇದ್ದವರಿಗೆ ಗಾಡೀ ಕಾಯದೆ, ನೆನಪಿರ್ಲಿ."

ಗಾಡಿಯ ಕಾಯದೆ ಎಂದರೆ ದಾರಿಯಲ್ಲಿ ಬೇರೆಯವರಿಗೆ ತಾಗಿಸಬಾರದು, ಅಡ್ಡ ಬರಬಾರದು ಎಂಬುದಿರಬೇಕು ಎಂದು ನಾನು ತಿಳಿದುಕೊಂಡೆ. ತಲೆಯಾಡಿಸಿದೆ. ಬೇರೆಯವರೂ ಹಾಗೆಯೇ ತಿಳಿದುಕೊಂಡಿರಬೇಕು.

ಕೊರೋಚಿಯ ತನಕ ಓಡಿ ತಿರುಗಿ ಬರಬೇಕು. ದೂರ ಆರು ಮೈಲಿ ಎಂದು ನಾನು ಹೇಳುತ್ತ ಬಂದಿದ್ದೇನೆ, ಅಷ್ಟಿರಲಿಕ್ಕಿಲ್ಲ. ಹೋಗುವಾಗ ನಾನು ಹಿಂದೆಯೇ ಇದ್ದೆ. ಬೋಲ್ಟು ಖಡಖಡಿಸುತ್ತಿತ್ತು, ಮಗಳು ಮಲಗಿದ್ದಳು. ಸದ್ದು ಕೇಳಿ ಮುಂದಿನವರು ತಾವಾಗಿ ಬದಿಗೆ ಸರಿಯುತ್ತಿದ್ದರು. ಗಾಡಿ ನನಗೆ ಭಾರ ಎಂದು ಪಂಚರು ತಿಳಿದಿದ್ದರಲ್ಲ, ಅದು ಪೂರ್ತಿ ನಿಜವಲ್ಲ. ಏರಿನಲ್ಲಿ ಭಾರ, ಸಪಾಟಿನಲ್ಲಿ ಕೈಗೆ ಆಸರೆ, ಇಳುಕಲಿನಲ್ಲಿ ಅದೇ ನನ್ನನ್ನು ಎಳೆಯುತ್ತಿತ್ತು.

ಕೊರೋಚಿಯಲ್ಲಿ ತಿರುಗುವ ಜಾಗದಲ್ಲಿ ಒಬ್ಬ ಮುದುಕರು ಮಸಿಯ ಡಬ್ಬಿ ಹಿಡಿದು ಕೂತಿದ್ದರು. ಅರ್ಧ ದಾರಿಯಿಂದಲೇ ಯಾರೂ ಮರಳದಿರಲಿ ಎಂದು, ಬಂದವರ ಕೈಗೆಲ್ಲ ಶಿಕ್ಕಾ ಒತ್ತುತ್ತಿದ್ದರು. ಮಗ್ಗದಿಂದ ಇಳಿದ ಬಟ್ಟೆಯ ಥಾನಿನ ಅಂಚಿಗೆ ಒತ್ತುವ ನೀಲಿ ಶಿಕ್ಕಾ ಅದು. ನನ್ನ ಮುಂಗೈಗೆ ಒತ್ತಿದರು. ಬುಟ್ಟಿಯಿಂದ ಹೊರಗೆ ಚಾಚಿದ್ದ ಮಗಳ ಪಾದವನ್ನು ನೋಡಿದರು. "ಇವರೂ ಬಂದಾರಲ್ರೀ ಇಲ್ಲೀತನಾ" ಎಂದು ಅದಕ್ಕೂ ಒಂದು ಒತ್ತಿದರು. ಮಗಳು ಏಳಲಿಲ್ಲ.

ಬರುವ ದಾರಿಯಲ್ಲಿ ಒಬ್ಬೊಬ್ಬರಾಗಿ ಹಿಂದೆ ಬಿದ್ದರು. ಕೊನೆಯ ಫರ್ಲಾಂಗಿನಲ್ಲಿ ನನ್ನ ಮುಂದೆ ಸುಳಕೂಡದವನು ಒಬ್ಬನೇ. ಅಲ್ಲಿಂದ ತಾಲೀಮಿನ ತನಕ ಸಣ್ಣ ಇಳುಕಲು. ಗಾಡಿ ಓಟ ಹಿಡಿಯಿತು. ಗಾಲಿ ಅವನ ಹಿಮ್ಮಡಿಯ ಹತ್ತಿರ ಬಂತು, ಬುಟ್ಟಿ ಅವನ ಮೊಣಕೈ ಹತ್ತಿರ ಬಂತು. ಅವನು ಒಮ್ಮೆ ಪಕ್ಕಕ್ಕೆ ನೋಡಿದ. ಸುಣ್ಣದ ಗೆರೆ ಬಂದಾಗ ಗಾಡಿಯ ಮುಂದಿನ ಗಾಲಿ ಅವನಿಗಿಂತ ಮುಂದಿತ್ತು. ಅವನ ಎದೆ ನನ್ನ ಎದೆಗಿಂತ ಒಂದೂವರೆ ಅಡಿಯಾದರೂ ಮುಂದಿತ್ತು. ಇವೆರಡೂ ನನಗೆ ಆಗಲೇ ಗೊತ್ತಿದ್ದವು. ಈ ಭಾಗದಲ್ಲಿ ಮಾತ್ರ ನನ್ನ ನೆನಪಿನ ಮೇಲೆ ಅನುಮಾನವಿಲ್ಲ, ಏಕೆಂದರೆ ನನಗೆ ಅನುಕೂಲವಾದ ನೆನಪಲ್ಲ ಅದು.

ನಿಶಾನಿ ಬಿತ್ತು. "ಗಾಡೀ ಮೊದಲ ಮುಟ್ಟೇತಿ!" ಎಂದು ಪಂಚರೊಬ್ಬರು ಕೂಗಿದರು.

ಸುಳಕೂಡದವನು ಏದುಸಿರು ಬಿಡುತ್ತ ಅವರ ಮುಂದೆ ನಿಂತ. "ಅಜ್ಜಾ, ಹಂಗೆಂಗ್ರಿ? ಓಡಿದ್ದ ಮಂದಿ. ನಾ ಸರಗಿಂತ ಮುಂದಿದ್ದೆ."

"ಗಾಡೀ ಕಾಯದೆ ಅಂತ ಮುಂಜಾನಿ ಹೇಳಿಲ್ಲೇನ್? ಗಾಡೀ ಶರ್ಯತ್ತಿನ್ಯಾಗ ಗೆರೀ ಯಾವದ ಮೊದಲ ಮುಟ್ಟತೈತಿ ಅದನ್ನ ನೋಡೂದು. ಗಾಡೀ ಹೊಡದವ ಎಲ್ಲಿ ಕುಂತಾನ ಅಂತ ಯಾರ್ ನೋಡತಾರ?"

"ನಾ ಏನ್ ಮಾಡ್ಲಿ ಮತ್ತ?"

"ನೀನೂ ಒಂದ್ ಗಾಡಿ ತರಬೇಕಾಗಿತ್ತು."

ಗುಂಪಿನಿಂದ ಯಾರೋ ಕೂಗಿದರು. "ಗಾಡಿ ತಂದ್ರ ಆತೇನೋ? ಒಳಗ ಕೂಸ ಬೇಕಲಾ. ಅದಕ್ಕ ಮೊದಲ ಲಗ್ನ ಆಗಬೇಕ!"

ಎಲ್ಲರೂ ನಕ್ಕರು. ಗೆದ್ದ ಎತ್ತುಗಳ ಹಣೆಗೆ ಗುಲಾಲು ಹಚ್ಚುವುದು ಗಾಡಿಯ ಶರ್ಯತ್ತಿನ ಪದ್ಧತಿ. ಎತ್ತುಗಳಿಲ್ಲದ್ದರಿಂದ ಮುಂದಿನ ಗಾಲಿಗೆ ಹಚ್ಚಿದರು, ಮಗಳ ಹಣೆಗೂ ಹಚ್ಚಿದರು. ಗಾಡಿ ನಿಂತದ್ದರಿಂದ ಅವಳು ಎದ್ದು ಅಳತೊಡಗಿದ್ದಳು. ನನ್ನ ತಲೆಗೆ ಫೇಟಾ ಸುತ್ತಿದರು.

ಇಲ್ಲಿಂದ ಮುಂದೆ ನಾನು ಹೇಳುತ್ತ ಬಂದ ಕತೆ ಹೀಗಿದೆ. ನಾನು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದೆ. "ಗೆದ್ದವನು ಇವನು, ನಾನಲ್ಲ" ಎಂದೆ. ಫೇಟಾ ಬಿಚ್ಚಿ ಅವನ ತಲೆಗೆ ಇಟ್ಟೆ. ಪಂಚರು ಒಬ್ಬರ ಮುಖ ಒಬ್ಬರು ನೋಡಿದರು. ಅವನು ಕೊಲ್ಲಾಪುರಕ್ಕೆ ಹೋದ.

ಇದನ್ನು ನಾನು ತರಗತಿಯಲ್ಲೂ ಹೇಳುತ್ತಿದ್ದೆ. ಅಳತೆ ಮಾಡುವ ಮೊದಲು ಏನನ್ನು ಅಳೆಯುತ್ತಿದ್ದೇವೆ ಎಂದು ನಿಶ್ಚಯಿಸಿಕೊಳ್ಳಬೇಕು ಎನ್ನಲು ಒಳ್ಳೆಯ ಉದಾಹರಣೆ. ವಿದ್ಯಾರ್ಥಿಗಳು ಗಾಡಿಯ ಕಾಯದೆಗೆ ನಗುತ್ತಿದ್ದರು, ಫೇಟಾ ಬಿಚ್ಚುವ ಜಾಗಕ್ಕೆ ಬಂದಾಗ ಗಂಭೀರವಾಗುತ್ತಿದ್ದರು. ಪ್ರತಿ ವರ್ಷ ಅದೇ ಜಾಗದಲ್ಲಿ ಗಂಭೀರವಾಗುತ್ತಿದ್ದರು ಎಂಬುದೇ ನನ್ನನ್ನು ಎಚ್ಚರಿಸಬೇಕಿತ್ತು.

ಎಂಬತ್ತರ ದಶಕದಲ್ಲಿ ನನಗೆ ಗಡಹಿಂಗ್ಲಜದಲ್ಲಿ ಕೆಲಸ ಸಿಕ್ಕಿತು. ಒಂದು ಸಂಜೆ ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಹವಾಲ್ದಾರನೊಬ್ಬ ಬಾಳೆಹಣ್ಣಿನ ಕೈಗಾಡಿಯವರನ್ನು ಗದರಿಸಿ ಹಿಂದೆ ಸರಿಸುತ್ತಿದ್ದ. ನನ್ನನ್ನು ನೋಡಿ ಲಾಠಿ ಬಗಲಿಗೆ ಸಿಕ್ಕಿಸಿಕೊಂಡು ಬಂದ.

"ಸರ, ಗುರತ ಸಿಗಲಿಲ್ಲೇನ್ರಿ? ಸುಳಕೂಡದವ್ರಿ ನಾ."

ಹೊಟ್ಟೆ ಬಂದಿತ್ತು, ಮೀಸೆ ಬಂದಿತ್ತು. ಧ್ವನಿ ಅದೇ. ಇಬ್ಬರೂ ಚಹಾ ಕುಡಿಯಲು ಕುಳಿತೆವು.

"ಈಗೂ ಓಡತೀಯೇನು?" ಎಂದೆ.

"ಕಳ್ಳ ಮುಂದ ಓಡಿದ್ರ ಓಡತೇನ್ರಿ. ಇಲ್ಲಂದ್ರ ಯಾಕ? ಮಗಳ ಹೆಂಗ ಅದಾಳ್ರಿ? ಈಗಾರ ಸದ್ದಿಲ್ಲದ ನಿದ್ದಿ ಬರತೈತೇನ್?"

ಬರುತ್ತದೆ ಎಂದೆ. ಆಮೇಲೆ, ಈಗ ನೆನೆದರೆ ನಾಚಿಕೆಯಾಗುವಂಥ ಮಾತು ಆಡಿದೆ. "ಆ ದಿನ ನಾನು ಗೆರೆಯ ಹತ್ತಿರವೇ ಹೇಳಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಆ ಮುದುಕರು ನಿನ್ನನ್ನು ಕಳಿಸುತ್ತಿರಲಿಲ್ಲ."

ಅವನು ಚಹಾದ ಬಶಿ ಕೆಳಗಿಟ್ಟ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅಚ್ಚರಿ ಇತ್ತು.

"ಗೆರೀ ಹತ್ರ? ಗೆರೀ ಹತ್ರ ನೀವೇನೂ ಅನ್ನಲಿಲ್ಲಲ್ರಿ ಸರ."

"ನಾನು ಫೇಟಾ ಬಿಚ್ಚಿ..."

"ಫೇಟಾ ಕಟಗೊಂಡ ಗಾಡಿ ನೂಕ್ಕೋತ ಮನೀಗೆ ಹೋದ್ರಿ. ನಾ ನೋಡಾಕತ್ತಿದ್ದೆ. ಮಗಳ ಭಾಳ ಅಳಾಕತ್ತಿದ್ದಳು. ಹೇಳಿದವರು ಬಾಯಿಯವರು. ಮಂಗಳವಾರ."

ಬಾಯಿಯವರು ಎಂದರೆ ನನ್ನ ಹೆಂಡತಿ. ಅವನು ಹೇಳಿದ್ದು ಇಷ್ಟು. ಮಂಗಳವಾರ ಸಂಜೆ ಅವಳು ಕೂಸನ್ನು ಟೊಂಕದ ಮೇಲೆ ಕೂಡಿಸಿಕೊಂಡು ತಾಲೀಮಿಗೆ ಬಂದಳು. ಹೆಂಗಸರು ತಾಲೀಮಿನೊಳಗೆ ಹೋಗುವ ರೂಢಿ ಇಲ್ಲದ್ದರಿಂದ ಹೊಸ್ತಿಲ ಹೊರಗೆ ನಿಂತು ವಸ್ತಾದರನ್ನು ಕರೆಸಿದಳು. ಗೋದಾಮಿನಿಂದ ಬರುತ್ತಿದ್ದ ಅವನು ರಸ್ತೆಯ ಆ ಬದಿಯಲ್ಲಿ ನಿಂತು ಕೇಳಿಸಿಕೊಂಡ.

"ಮತ್ತೆ ನಾನು ಎಲ್ಲಿದ್ದೆ?"

"ನೀವ್ ಬಾಯಿಯವರ ಹಿಂದ ಇದ್ರಿ. ಗಾಡಿ ಹಿಡಕೊಂಡು. ಬರೇ ಗಾಡಿ."

ಆ ರಾತ್ರಿ ಊಟ ಮಾಡುವಾಗ ಹೆಂಡತಿಯನ್ನು ಕೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಹೌದು. ಮಂಗಳವಾರ."

"ಮತ್ತೆ ನಾನು ಇಷ್ಟು ವರ್ಷ ಹೇಳುತ್ತ ಬಂದದ್ದು?"

"ಕೇಳಾಕತ್ತೇನಲ್ರಿ, ನಾನೂ ಅಷ್ಟ ವರ್ಷಾತು. ಮೊದಲನೇ ಸಲ ನಮ್ಮ ಅಣ್ಣನ ಮುಂದ ಹೇಳಿದ್ರಿ. ನಾಕ ಮಂದ್ಯಾಗ ಯಾಕ ಅಂತ ಸುಮ್ಮನಾದ್ನಿ. ಆಮ್ಯಾಲ ನೀವ ನಂಬಿದ್ರಿ. ನಂಬಿದವರಿಗೆ ಏನ್ ಹೇಳೂದು?"

ಅವಳು ಹೇಳಿದ್ದನ್ನು ಕ್ರಮವಾಗಿ ಬರೆಯುತ್ತೇನೆ. ಭಾನುವಾರ ಮೂರಕ್ಕೆ ಬಂದು ನೋಡಿದರೆ ಕೂಸಿನ ಹಣೆ ಗುಲಾಬಿ, ಪಾದ ನೀಲಿ. "ಇದೇನ್ರಿ ಇದು, ಮಗಳ ಕಾಲಿಗೆ ಅರಿವೀ ಶಿಕ್ಕಾ? ಪ್ಯಾಟ್ಯಾಗ ಮಾರಾಕ ಇಟ್ಟಿದ್ರೇನು?" ಎಂದು ಕೇಳಿದಳಂತೆ. ನಾನು ಓಟದ ವಿಷಯ ಹೇಳಿದೆ. ಕೂಸನ್ನು ಕರೆದೊಯ್ದದ್ದಕ್ಕೆ ಒಂದು ಗಂಟೆ ಬೈದಳು, ಆಮೇಲೆ ಮೊದಲನೆಯವನಾಗಿ ಬಂದದ್ದಕ್ಕೆ ಸಿಹಿ ಸಜ್ಜಕ ಮಾಡಿದಳು. ಸುಳಕೂಡದವನ ಮಾತು ನಾನು ಎತ್ತಲಿಲ್ಲ. ಸೋಮವಾರ ಬೆಳಿಗ್ಗೆ ತಾಲೀಮಿನವರು ಗೆದ್ದವನ ಹೆಸರಿನ ಚೀಟಿಯನ್ನು ಕೊಲ್ಲಾಪುರಕ್ಕೆ ಕಳಿಸಿದರು. ಅಲ್ಲಿನ ದೊಡ್ಡ ಓಟ ಮುಂದಿನ ಭಾನುವಾರ. ನಾನು ಹೊಸ ಕ್ಯಾನ್ವಾಸ್ ಬೂಟು ಕೊಂಡು ತಂದೆ. ಬೂಟು ನನಗೂ ನೆನಪಿದೆ, ಆದರೆ ಅದು ಬೇರೆ ಯಾವುದೋ ಕಾರಣಕ್ಕೆ ಕೊಂಡದ್ದೆಂದು ನೆನಪು. ಮಂಗಳವಾರ ಮಧ್ಯಾಹ್ನ ಗಾಡಿ ಮಾಡಿಕೊಟ್ಟ ಜಾಬರ್ ಮೆಟ್ಟಿಲಲ್ಲಿ ಸಿಕ್ಕ. "ಅಕ್ಕಾರ, ಓಟ ಗೆದ್ದದ್ದ ನನ್ನ ಗಾಡಿ. ಸರ ಎರಡನೇದವ್ರು" ಎಂದು ನಕ್ಕ. ಅವಳು ಅವನನ್ನು ಅಲ್ಲೇ ನಿಲ್ಲಿಸಿ ಎಲ್ಲ ಕೇಳಿದಳು. ನಾನು ಕಾಲೇಜಿನಿಂದ ಬರುವುದನ್ನೇ ಕಾಯುತ್ತ ಕುಳಿತಳು.

"ನಾನು ಬಂದ ಮೇಲೆ ನೀನು ಏನಂದೆ?"

"ಆ ಹುಡುಗಗ ಇದ ಕಡೀ ವರ್ಷ ಅಂತ ನಿಮಗ ಗೊತ್ತಿತ್ತೇನು, ಅಂದ್ನಿ. ಹೂಂ ಅಂದ್ರಿ. ಗೊತ್ತಿತ್ತು ಅಂದ್ರ ನಡೀರಿ, ಅಂದ್ನಿ."

"ನಾನು ಬರಲ್ಲ ಅಂದೆನೇ?"

"ಇಲ್ಲ. ಕಾಯದೆ ಮಾಡಿದವರು ಅವರು, ನಾನಲ್ಲ, ಅಂದ್ರಿ. ಅನಕೋತ ಚಪ್ಪಲಿ ಹಾಕ್ಕೊಂಡ್ರಿ."

ತಾಲೀಮಿನ ಹೊಸ್ತಿಲ ಮಾತು ಹವಾಲ್ದಾರನ ಬಾಯಲ್ಲೂ ಇವಳ ಬಾಯಲ್ಲೂ ಹೆಚ್ಚುಕಡಿಮೆ ಒಂದೇ. ಕಾಯದೆ ತಪ್ಪು ಎಂದು ಇವಳು ಜಗಳ ತೆಗೆಯಲಿಲ್ಲ. ಅವರ ಕಾಯದೆಯನ್ನೇ ಹಿಡಿದು ಕೇಳಿದಳು.

"ವಸ್ತಾದ್ರ, ಎತ್ತಿನ ಗಾಡೀ ಶರ್ಯತ್ತಿನ್ಯಾಗ ಗೆರೀ ಹತ್ರ ಏನ ನೋಡತೀರಿ?"

"ಎತ್ತಿನ ಮೂತಿ."

"ಗಾಲಿ ನೋಡೂದಿಲ್ಲ?"

"ಗಾಲಿ ಯಾಕ ನೋಡೂದವ್ವಾ? ಓಡೂದ ಎತ್ತು. ಗಾಲಿ ಅದರ ಸಂಗಾಟ ಬರತೈತಿ."

"ಹಂಗಾರ ಈ ಗಾಡ್ಯಾಗ ಓಡಿದ ಎತ್ತ ಯಾವುದ್ರಿ? ಬುಟ್ಟ್ಯಾಗ ಮಲಗಿದ್ದ ನನ್ನ ಮಗಳೇನು?"

ಇವಳು ನನ್ನ ಕಡೆ ಕೈ ತೋರಿಸಿದಳು.

"ಎತ್ತ ಇವರು. ಹಿಂದ ಕಟ್ಟಿದ ಎತ್ತು. ನೀವ್ ಇವರ ಮೂತಿ ನೋಡಬೇಕಾಗಿತ್ತು. ಇವರ ಮೂತಿ ಆ ಹುಡುಗನ ಹಿಂದಿತ್ತು ಅಂತ ಇಡೀ ಪ್ಯಾಟೀ ಮಂದಿ ಹೇಳಾಕತ್ತೇತಿ."

ಒಳಗೆ ದಂಡ ಹೊಡೆಯುತ್ತಿದ್ದ ಪೈಲ್ವಾನರು ನಿಲ್ಲಿಸಿ ಬಾಗಿಲಿಗೆ ಬಂದರಂತೆ. ವಸ್ತಾದರು ನನ್ನ ಮುಖವನ್ನು ಬಹಳ ಹೊತ್ತು, ಎತ್ತಿನ ಸಂತೆಯಲ್ಲಿ ನೋಡುವ ಹಾಗೆ ನೋಡಿದರಂತೆ. ಆಮೇಲೆ ನಕ್ಕು, ಮರಾಠಿಯಲ್ಲಿ, "ಬಾಈ ಬರೋಬರ್ ಬೋಲತೇ" ಎಂದರು. ಬಾಯಿ ಹೇಳುವುದು ಸರಿ ಎಂದು. ನನ್ನನ್ನು ಕೇಳಿದರು, "ಖರೇ ಏನ್ರಿ ಸರ? ಅವ ಮುಂದಿದ್ದನ?"

ನಾನು "ಹೌದು, ಗೆದ್ದವನು ಅವನು" ಎಂದೆನಂತೆ. ಹೆಂಡತಿ ಇದನ್ನು ಒಪ್ಪುತ್ತಾಳೆ. ಹವಾಲ್ದಾರನಿಗೆ ಅದು ಕೇಳಿಸಿರಲಿಲ್ಲ, ನಾನು ತಲೆಯಾಡಿಸಿದ್ದು ಮಾತ್ರ ಕಂಡಿತ್ತು. ಅಂದರೆ ನನ್ನ ಕತೆಯಲ್ಲಿನ ಆ ಒಂದು ಮಾತು ನಾನು ಕಟ್ಟಿದ್ದಲ್ಲ. ಅದನ್ನು ಎರಡು ದಿನ ಹಿಂದಕ್ಕೆ ಒಯ್ದು, ಯಾರೂ ಕೇಳುವ ಮೊದಲೇ ಹೇಳಿದಂತೆ ಇಟ್ಟಿದ್ದೇನೆ. ಫೇಟಾ ಬಿಚ್ಚಿ ಅವನ ತಲೆಗಿಟ್ಟದ್ದು ಕತೆಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಅದು ಅನೇಕ ವರ್ಷ ನಮ್ಮ ಮನೆಯಲ್ಲೇ ಇತ್ತು, ಅದರಲ್ಲಿ ಉಳ್ಳಾಗಡ್ಡಿ ಕಟ್ಟಿಡುತ್ತಿದ್ದೆವು ಎಂದು ಹೆಂಡತಿ ಹೇಳುತ್ತಾಳೆ.

ಮರುದಿನ ಬೆಳಿಗ್ಗೆ ವಸ್ತಾದರು ಒಬ್ಬ ಪೈಲ್ವಾನನನ್ನು ಎಸ್.ಟಿ.ಯಲ್ಲಿ ಕೊಲ್ಲಾಪುರಕ್ಕೆ ಕಳಿಸಿ ಹೆಸರು ಬದಲಿಸಿ ಬರಲು ಹೇಳಿದರು ಎಂದು ಹವಾಲ್ದಾರ ಹೇಳಿದ್ದ. ಭಾನುವಾರ ಅವನು ಅಲ್ಲಿ ಓಡಿ ಏಳನೆಯವನಾಗಿ ಬಂದ. ಆ ವರ್ಷದ ಭರ್ತಿಯಲ್ಲಿ ಅವನನ್ನು ತೆಗೆದುಕೊಂಡರು. ಸರ್ಟಿಫಿಕೇಟಿನಿಂದಲೋ, ಅಲ್ಲದೆಯೋ ಅವನಿಗೂ ಗೊತ್ತಿರಲಿಲ್ಲ. "ಸಾಹೇಬ್ರು ಅದನ್ನ ನೋಡಿದ್ರು, ಮಡಚಿ ತಿರಗ ಕೊಟ್ರು. ಏನೂ ಅನ್ನಲಿಲ್ರಿ" ಎಂದ.

ಆದರೂ ನನಗೆ ಸಮಾಧಾನವಾಗಲಿಲ್ಲ. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳುತ್ತಾರೆಂದರೆ, ಇಬ್ಬರೂ ಎಂದೋ ಎಲ್ಲಿಯೋ ಮಾತಾಡಿಕೊಂಡಿರಬಹುದು. ಅವನು ಹೆಸರು ಬದಲಾದ ಮೇಲೆ ನಮ್ಮ ಮನೆಗೆ ಬಂದು ಹೆಂಡತಿಗೆ ನಮಸ್ಕಾರ ಹೇಳಿ ಹೋಗಿದ್ದನಂತೆ. ಆಗ ಅವಳೇ ಎಲ್ಲ ಹೇಳಿರಬಹುದು. ನಾನು ಭಾನುವಾರವೇ ಗೆರೆಯ ಹತ್ತಿರ ಹೇಳಿದ್ದು ಸದ್ದಿನಲ್ಲಿ ಯಾರಿಗೂ ಕೇಳಿಸದೆ ಹೋಗಿರಬಹುದು. ಹೀಗೆ ನನಗೆ ನಾನೇ ವಕೀಲನಾಗಿ ಕೆಲವು ತಿಂಗಳು ಕಳೆದೆ. ಹೆಂಡತಿ ಒಮ್ಮೆ, "ನಿಮಗ ಅದು ಭಾನುವಾರ ಆಗಬೇಕಾಗೇತಿ, ಹೌದಿಲ್ಲೋ? ಆಗ್ಲಿ ಬಿಡ್ರಿ, ನಾ ಯಾರಿಗೂ ಹೇಳೂದಿಲ್ಲ" ಎಂದಳು. ಆ ಮಾತು ಕೇಳಿದ ಮೇಲೆ ಸುಮ್ಮನಿರುವುದು ಆಗಲಿಲ್ಲ.

ಉತ್ತರಪತ್ರಿಕೆ ತಿದ್ದಲು ಕೊಲ್ಲಾಪುರಕ್ಕೆ ಹೋದಾಗ ಅರ್ಧ ದಿನ ಬಿಡುವು ಮಾಡಿಕೊಂಡೆ. ದೊಡ್ಡ ಓಟವನ್ನು ನಡೆಸುತ್ತಿದ್ದ ಮಂಡಳಿಯ ಕಾಗದಪತ್ರಗಳು ಅಲ್ಲಿನ ಒಂದು ತಾಲೀಮಿನ ಮಾಳಿಗೆಯಲ್ಲಿ ಇದ್ದವು. ಕೀಲಿ ಇಟ್ಟುಕೊಂಡಿದ್ದ ಮುದುಕರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟ ವರ್ಷಾದ ಮ್ಯಾಲ ಯಾಕ ಬೇಕ್ರಿ? ಬಕ್ಷೀಸ ಏನಾರ ಸಿಗೂದ ಉಳದೈತೇನು?" ಎಂದರು. ಇಲ್ಲ, ಒಂದು ಹೆಸರು ನೋಡಬೇಕಿದೆ ಎಂದೆ.

ಹೆಸರಿನ ಪಟ್ಟಿಯನ್ನು ಸೋಮವಾರ ಬಂದ ಚೀಟಿಗಳಿಂದ ಮಂಗಳವಾರ ಟೈಪ್ ಮಾಡುವುದು ರೂಢಿ ಎಂದು ಅವರೇ ಹೇಳಿದರು. ಭಾನುವಾರವೇ ನಾನು ಸತ್ಯ ಹೇಳಿದ್ದರೆ ಅದರಲ್ಲಿ ಮೊದಲಿನಿಂದಲೇ ಅವನ ಹೆಸರು ಇರಬೇಕಿತ್ತು. ಆ ವರ್ಷದ ಪಟ್ಟಿ ಒಂದು ಫೈಲಿನಲ್ಲಿ ಸಿಕ್ಕಿತು. ಇಚಲಕರಂಜಿ ಎಂಬುದರ ಮುಂದೆ ಟೈಪಾದದ್ದು ನನ್ನ ಹೆಸರು. ಅದರ ಮೇಲೆ ಒಂದು ಅಡ್ಡಗೆರೆ ಎಳೆದಿತ್ತು. ಎರಡು ಸಾಲುಗಳ ನಡುವಿನ ಕಿರಿದಾದ ಜಾಗದಲ್ಲಿ ನೀಲಿ ಪೆನ್ನಿನಿಂದ ಅವನ ಹೆಸರು, ಊರು ಸುಳಕೂಡ.